ಯೂರೋಪಿನ ಆಶ್ರಯನೀತಿ

ಶರಣು ಬಂದವರನ್ನು ಕಾಯುವುದು ರಾಜಧರ್ಮವೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಕಾಯಬೇಕಾದವರು ಯಾರೆಂಬ ಪ್ರಶ್ನೆ ಎದ್ದೊಡನೆ ಪ್ರತಿಯೊಬ್ಬರೂ ನೆರೆಯವನ ಬಾಗಿಲನ್ನು ತೋರಿಸುವರು. ಇಪ್ಪತ್ತೇಳು ರಾಷ್ಟ್ರಗಳ ಯೂರೋಪಿಯನ್ ಒಕ್ಕೂಟವು ತನ್ನ ಆಶ್ರಯನೀತಿಯನ್ನು ತಿದ್ದಿಕೊಳ್ಳಲು ಪಟ್ಟ ಪಾಡು ಇದಕ್ಕೆ ನಿದರ್ಶನವಾಗಿದೆ.

ತೊಡಕಿನ ಮೂಲವು 1990ರ ಡಬ್ಲಿನ್ ಒಪ್ಪಂದದಲ್ಲಿದೆ. ಆಶ್ರಯಾರ್ಥಿಯು ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಅವನ ಅರ್ಜಿಯನ್ನು ವಿಚಾರಿಸತಕ್ಕದ್ದೆಂಬುದು ಅದರ ತಿರುಳು. 2003ರಲ್ಲಿಯೂ 2013ರಲ್ಲಿಯೂ ನಿಯಮಗಳನ್ನು ಪರಿಷ್ಕರಿಸಿದರೂ ಈ ತತ್ತ್ವವು ಅಳಿಯಲಿಲ್ಲ. ಕಾಗದದ ಮೇಲೆ ಇದು ಸರಳ. ಭೂಪಟದ ಮೇಲೆ ಅನ್ಯಾಯ. ದೋಣಿಗಳು ಬಂದು ತಲುಪುವುದು ಗ್ರೀಸಿನ ಲೆಸ್ಬೋಸಿಗೆ, ಇಟಲಿಯ ಲ್ಯಾಂಪೆಡೂಸಕ್ಕೆ. ಪ್ರಾಗ್ ನಗರಕ್ಕೆ ಸಮುದ್ರವೇ ಇಲ್ಲ.

2015ರಲ್ಲಿ ಸಿರಿಯಾದ ಯುದ್ಧವೇ ಮೊದಲಾದ ವಿಪತ್ತುಗಳಿಂದ ಹತ್ತು ಲಕ್ಷಕ್ಕೂ ಮಿಕ್ಕ ಜನರು ಕಡಲು ದಾಟಿ ಬಂದರು. ಇಟಲಿ ಗ್ರೀಸುಗಳಿಂದ 1,60,000 ಮಂದಿಯನ್ನು ಇತರ ದೇಶಗಳಿಗೆ ಹಂಚುವುದಾಗಿ ಒಕ್ಕೂಟವು ನಿಶ್ಚಯಿಸಿತು. ಎರಡು ವರ್ಷಗಳ ಅವಧಿ ಮುಗಿದಾಗ ಹಂಚಿಕೆಯಾದವರು 35,000ವನ್ನೂ ಮುಟ್ಟಿರಲಿಲ್ಲ. ಹಂಗರಿ, ಸ್ಲೊವಾಕಿಯಗಳು ಹೂಡಿದ ದಾವೆಯನ್ನು ಒಕ್ಕೂಟದ ನ್ಯಾಯಾಲಯವು 2017ರಲ್ಲಿ ತಳ್ಳಿಹಾಕಿತು. ಪೋಲೆಂಡ್, ಹಂಗರಿ, ಝೆಕ್ ದೇಶಗಳು ಕರ್ತವ್ಯಚ್ಯುತವಾದುವೆಂದು 2020ರಲ್ಲಿ ತೀರ್ಪಿತ್ತಿತು. ತೀರ್ಪು ಹೊರಬಿತ್ತು, ಜನರು ಇದ್ದಲ್ಲಿಯೇ ಉಳಿದರು.

ಹಾಗೆಂದು ವಿರೋಧಿಸಿದವರ ಮಾತನ್ನೆಲ್ಲ ಕಿವಿಯ ಮೇಲೆ ಹಾಕಿಕೊಳ್ಳದಿರುವುದು ಯುಕ್ತವಲ್ಲ. ತನ್ನ ನೆಲದಲ್ಲಿ ಯಾರು ನೆಲೆಸಬೇಕೆಂಬುದನ್ನು ತನ್ನ ಪ್ರಜೆಗಳೇ ನಿರ್ಣಯಿಸಬೇಕೆಂಬುದು ಯಾವ ಸ್ವತಂತ್ರ ರಾಷ್ಟ್ರಕ್ಕೂ ಸಹಜವಾದ ಅಭಿಮಾನ. ಆದರೆ ಒಕ್ಕೂಟದ ಲಾಭದಲ್ಲಿ ಪಾಲು ಬೇಡಿದವರು ಅದರ ಹೊರೆಗೆ ಹೆಗಲು ಕೊಡೆವೆಂದರೆ ಆ ಕೂಟವು ಎಷ್ಟು ದಿನ ಬಾಳೀತು?

ಸ್ಥಳಾಭಾವ, ಧನಾಭಾವಗಳ ನೆವವನ್ನೂ ನಾವು ಒಪ್ಪಲಾರೆವು. 2022ರಲ್ಲಿ ಉಕ್ರೇನಿನ ಮೇಲೆ ರಷ್ಯ ದಂಡೆತ್ತಿ ಬಂದಾಗ, 2001ರಿಂದ ಒಮ್ಮೆಯೂ ಬಳಸದಿದ್ದ ತಾತ್ಕಾಲಿಕ ರಕ್ಷಣೆಯ ಶಾಸನವನ್ನು ಹತ್ತೇ ದಿನಗಳೊಳಗೆ ಜಾರಿಗೆ ತಂದರು. ನಲವತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ನೆರಳು ದೊರೆಯಿತು. ಹಿಂದೆ ಬಾಗಿಲಿಕ್ಕಿದ್ದ ಪೋಲೆಂಡೇ ಆಗ ಮುಂದೆ ನಿಂತಿತು. ಮನಸ್ಸಿದ್ದಲ್ಲಿ ಮಾರ್ಗವಿತ್ತೆಂಬುದು ಇದರಿಂದ ಸಿದ್ಧವಾಯಿತು.

ದೀರ್ಘ ಕಲಹದ ತರುವಾಯ 2024ರ ಮೇ ತಿಂಗಳಲ್ಲಿ ಹೊಸ ಒಡಂಬಡಿಕೆಯು ಅಂಗೀಕಾರವಾಯಿತು. ಅನ್ವಯಕ್ಕೆ 2026ರ ಜೂನ್ ತಿಂಗಳನ್ನು ಗೊತ್ತುಮಾಡಿದರು. ಇದರಂತೆ ಸದಸ್ಯ ರಾಷ್ಟ್ರವು ಜನರನ್ನು ಸ್ವೀಕರಿಸಬಹುದು, ತಲೆಗೆ 20,000 ಯೂರೋ ತೆರಬಹುದು, ಇಲ್ಲವೆ ಸಿಬ್ಬಂದಿ ಸಲಕರಣೆಗಳಿಂದ ನೆರವಾಗಬಹುದು. ಏನನ್ನೂ ಕೊಡದಿದ್ದುದಕ್ಕಿಂತ ಇದು ಲೇಸೇ ಸರಿ. ಆದರೂ ಪ್ರಥಮ ಪ್ರವೇಶದ ತತ್ತ್ವವು ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಅದಕ್ಕೂ ಮಿಗಿಲಾಗಿ, ಯಾವ ದೇಶದವರ ಅರ್ಜಿಗಳಲ್ಲಿ ನೂರಕ್ಕೆ ಇಪ್ಪತ್ತು ಅಥವಾ ಅದಕ್ಕೂ ಕಡಮೆ ಪುರಸ್ಕೃತವಾಗುತ್ತವೆಯೋ ಅವರನ್ನು ಗಡಿಯಲ್ಲಿಯೇ ತಡೆದು ಹನ್ನೆರಡು ವಾರಗಳೊಳಗೆ ವಿಚಾರಣೆಯನ್ನು ಮುಗಿಸತಕ್ಕದ್ದೆಂಬ ಏರ್ಪಾಡಾಗಿದೆ. ರಾಷ್ಟ್ರಗಳು ತಮ್ಮೊಳಗೆ ಹಂಚಿಕೊಳ್ಳಲಾರದ ಭಾರವನ್ನು ಹೀಗೆ ಆಶ್ರಯಾರ್ಥಿಯ ತಲೆಗೇ ಕಟ್ಟಿದಂತಾಯಿತು. ಸಂಧಾನದ ಪೀಠದಲ್ಲಿ ಅವನಿಗೆ ಆಸನವಿಲ್ಲ, ಮತವೂ ಇಲ್ಲ.

ಸುಧಾರಣೆಯ ನಿಜವಾದ ಕಷ್ಟವು ಇಲ್ಲಿದೆ. ಹಂಚಿ ಉಂಡರೆ ಹಸಿವಿಲ್ಲವೆಂಬ ಗಾದೆಯು ಹೊರೆಗೂ ಸಲ್ಲುವುದು. ಹೊಸ ಒಡಂಬಡಿಕೆಯ ಯೋಗ್ಯತೆಯನ್ನು ಹಿಂದಕ್ಕೆ ಅಟ್ಟಿದವರ ಲೆಕ್ಕದಿಂದಲ್ಲ, ನ್ಯಾಯವಾದ ವಿಚಾರಣೆಯನ್ನು ಪಡೆದವರ ಲೆಕ್ಕದಿಂದಲೇ ಅಳೆಯಬೇಕೆಂದು ನಾವು ಹೇಳುತ್ತೇವೆ.