ಹೋದವರು ಯಾವಾಗ ಬರುತ್ತಾರೆ?

ನಮ್ಮ ಶಾಲೆಯ ಚರ್ಚಾ ಸ್ಪರ್ಧೆಗೆ ಈ ಸಲ ವಿಷಯ ಆರಿಸಿದ್ದು ನಾನಲ್ಲ. ಸಮಾಜ ವಿಜ್ಞಾನದ ಮೇಷ್ಟ್ರು, ಹುಮ್ಮಸ್ಸಿನ ಹುಡುಗ, "ಹೊರದೇಶದ ಭಯೋತ್ಪಾದಕರನ್ನು ಹತ್ತಿಕ್ಕಲು ಭಾರತವೂ ಸೇನೆ ಕಳಿಸಬೇಕು" ಎಂದು ಬೋರ್ಡಿನ ಮೇಲೆ ಬರೆದುಬಿಟ್ಟಿದ್ದರು. ಪರವಾಗಿ ನಿಂತ ಒಂಬತ್ತನೇ ತರಗತಿಯ ಹುಡುಗ ಮೇಜು ಗುದ್ದಿ ಗುದ್ದಿ ಮಾತಾಡಿದ. "ಅಮೆರಿಕ ಹೋಗುತ್ತದೆ, ಬ್ರಿಟನ್ ಹೋಗುತ್ತದೆ, ನಾವೇನು ಬಳೆ ತೊಟ್ಟು ಕೂತಿದ್ದೇವೆಯೇ?" ಎಂದ. ಚಪ್ಪಾಳೆಯೋ ಚಪ್ಪಾಳೆ. ವಿರುದ್ಧ ಮಾತಾಡಬೇಕಿದ್ದ ಹುಡುಗಿ ಬಾಯಿಪಾಠ ಮಾಡಿದ್ದನ್ನು ಮರೆತು ತಡವರಿಸಿ, "ಹೋದವರು ಯಾವಾಗ ಬರ್ತಾರೆ ಅಂತ ಅವನು ಹೇಳಲೇ ಇಲ್ಲ" ಎಂದಷ್ಟೇ ಹೇಳಿ ಕೂತಳು. ಬಹುಮಾನ ಹುಡುಗನಿಗೆ. ಬಳೆ ತೊಟ್ಟ ಕೈಯಿಂದಲೇ ನಾನೂ ಅವನಿಗೆ ಹೆಚ್ಚು ಅಂಕ ಹಾಕಿದ್ದೆ. ಉಚ್ಚಾರ, ಧ್ವನಿ, ಸಮಯಪಾಲನೆ ಎಂದೆಲ್ಲ ಹಾಳೆಯಲ್ಲಿ ಕಾಲಂಗಳಿದ್ದವು; ಸರಿಯಾದ ಪ್ರಶ್ನೆ ಕೇಳಿದವರಿಗೆ ಕಾಲಂ ಇರಲಿಲ್ಲ.

ಮನೆಗೆ ಬಂದ ಮೇಲೆ ಅದು ನನ್ನನ್ನು ಚುಚ್ಚತೊಡಗಿತು. ಮರುದಿನ ಸ್ಟಾಫ್ ರೂಮಿನಲ್ಲಿ ಮೇಷ್ಟ್ರಿಗೆ ಹೇಳಿದೆ, ಕಳಿಸಕೂಡದು ಎಂದು. ಅವರು ನಕ್ಕು, "ಮೇಡಂ, ಹೆಂಗಸರ ಮನಸ್ಸು ಮೆತ್ತಗೆ" ಎಂದರು. "ಅಲ್ರೀ ಮೇಷ್ಟ್ರೇ, 1987ರಲ್ಲಿ ನೀವು ಹುಟ್ಟಿದ್ರಾ?" ಎಂದು ಕೇಳಿದೆ. ಹುಟ್ಟಿರಲಿಲ್ಲ.

ಆಗ ನಾನು ಬಿ.ಎ. ಓದುತ್ತಿದ್ದೆ. ಸೋಮವಾರಪೇಟೆ ಕಡೆಯ ನಮ್ಮ ದೊಡ್ಡಮ್ಮನ ಮಗ ಸೈನ್ಯದಲ್ಲಿದ್ದ. ಅವನ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರಿರುತ್ತಿರಲಿಲ್ಲ, '56 ಎ.ಪಿ.ಓ.' ಎಂದಷ್ಟೇ. ದೊಡ್ಡಮ್ಮ ಅದೊಂದು ಊರೆಂದೇ ಬಹಳ ಕಾಲ ನಂಬಿದ್ದರು. "ಐವತ್ತಾರು ಅನ್ನೋ ಊರಲ್ಲಿ ಮಳೆ ಹೆಂಗಿದೆಯೋ" ಎನ್ನುತ್ತಿದ್ದರು. ಅಣ್ಣ ಇದ್ದದ್ದು ಶ್ರೀಲಂಕಾದ ಜಾಫ್ನಾದಲ್ಲಿ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಅವನ ಎಡಗಾಲಿಗೆ ಪೆಟ್ಟಾಗಿತ್ತು.

1987ರ ಜುಲೈ 29ರಂದು ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೇನೆ ಹೋದದ್ದು ಶಾಂತಿ ಕಾಯಲು. ಹೆಸರೇ ಶಾಂತಿಪಾಲನಾ ಪಡೆ. ತಮಿಳು ಉಗ್ರರಿಗೆ ಹಿಂದೆ ನಮ್ಮ ನೆಲದಲ್ಲೇ ತರಬೇತಿ ಕೊಟ್ಟಿದ್ದವರೂ ನಾವೇ, ಈಗ ಅವರಿಂದ ಆಯುಧ ಕೆಳಗಿಡಿಸಲು ಹೊರಟವರೂ ನಾವೇ. ಅಕ್ಟೋಬರ್ ಬರುವಷ್ಟರಲ್ಲಿ ಅದೇ ಎಲ್.ಟಿ.ಟಿ.ಇ. ಜೊತೆ ಯುದ್ಧ. 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು, ಒಬ್ಬ ಸೆರೆ ಸಿಕ್ಕ. ಹತ್ತು ದಿನ ಕಳೆದು, ದೀಪಾವಳಿಯ ಹೊತ್ತಿನಲ್ಲಿ, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮವರ ಗುಂಡಿಗೆ ರೋಗಿಗಳು, ಡಾಕ್ಟರುಗಳು, ನರ್ಸುಗಳು ಸೇರಿ 60ಕ್ಕೂ ಹೆಚ್ಚು ಜನ ಬಲಿಯಾದರು. ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿದರು ಎಂದು ಸೇನೆ ಹೇಳಿತು. ಅಲ್ಲಿ ಬದುಕುಳಿದವರು ಅದನ್ನು ಒಪ್ಪಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ಹಿಂಜರಿಯುತ್ತದೆ. ಆ ಸೈನ್ಯದಲ್ಲಿದ್ದವನು ನನ್ನ ಅಣ್ಣ. ಆದರೆ ಮೇಜು ಗುದ್ದುವವರು ಇದನ್ನೂ ತಿಳಿದಿರಬೇಕು. ಭಾಷೆ ಗೊತ್ತಿಲ್ಲದ ಬೀದಿಯಲ್ಲಿ, ಲುಂಗಿಯುಟ್ಟ ಯಾರು ಉಗ್ರ, ಯಾರು ಹಾಲಿನವನು ಎಂದು ತಿಳಿಯದೆ ಬಂದೂಕು ಹಿಡಿದು ನಿಂತ ಇಪ್ಪತ್ತೈದು ವರ್ಷದ ಹುಡುಗ ದೇವರಾಗಿಯೇ ಉಳಿಯಲಾರ.

ಜಾಫ್ನಾದಲ್ಲಿ ರಜನಿ ತಿರಣಗಾಮ ಎಂಬ ವೈದ್ಯೆ ಇದ್ದರು. ಎರಡು ಹೆಣ್ಣುಮಕ್ಕಳ ತಾಯಿ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಹುಲಿಗಳು ಮಾಡಿದ್ದನ್ನೂ ನಮ್ಮ ಸೇನೆ ಮಾಡಿದ್ದನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬರೆದರು. 1989ರ ಸೆಪ್ಟೆಂಬರ್ 21ರಂದು ಅವರನ್ನು ಗುಂಡಿಟ್ಟು ಕೊಂದರು. ಭಯೋತ್ಪಾದನೆ ಎಂದರೇನೆಂದು ನನಗೆ ಗೊತ್ತಿಲ್ಲವೆಂದು ಯಾರೂ ತಿಳಿಯುವುದು ಬೇಡ.

ಮುಂದಿನದು ಇನ್ನೂ ವಿಚಿತ್ರ. ನಮ್ಮನ್ನು ಕರೆದ ದೇಶವೇ ನಮ್ಮನ್ನು ಹೊರಡಿ ಎಂದಿತು. ಜಯವರ್ಧನೆಯ ನಂತರ ಬಂದ ಪ್ರೇಮದಾಸ, ನಮ್ಮ ಸೇನೆ ಹೋದರೆ ಸಾಕೆಂದು ಹುಲಿಗಳಿಗೇ ಆಯುಧ ಕೊಡಿಸಿದರು. ನಮ್ಮ ಪಡೆ 70 ಸಾವಿರವನ್ನೂ ದಾಟಿತ್ತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಹಡಗು ಹತ್ತುವ ಹೊತ್ತಿಗೆ 1,100ಕ್ಕೂ ಹೆಚ್ಚು ಜನ ಸತ್ತಿದ್ದರು. ಎಲ್.ಟಿ.ಟಿ.ಇ. ಮಾತ್ರ ಹಾಗೇ ಇತ್ತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಅದು ರಾಜೀವ್ ಗಾಂಧಿಯವರನ್ನೇ ಕೊಂದಿತು. ಆ ಸಂಚಿನ ಶಿವರಸನ್ ಮತ್ತು ಸಂಗಡಿಗರು ಆಗಸ್ಟಿನಲ್ಲಿ ಹೆಣವಾಗಿ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಬಿ.ಎಡ್. ಹಾಸ್ಟೆಲಿನಲ್ಲಿ ನಾವು ಹುಡುಗಿಯರು ಪೇಪರ್ ಹಿಡಿದು ಕೂತಿದ್ದು ನೆನಪಿದೆ. ದೂರದ ದ್ವೀಪಕ್ಕೆ ಕಳಿಸಿದ ಯುದ್ಧ ನಾಲ್ಕೇ ವರ್ಷದಲ್ಲಿ ಬೆಂಗಳೂರಿನ ಬಾಡಿಗೆ ಮನೆಗೆ ಬಂದು ಕೂತಿತ್ತು.

ಮೇಷ್ಟ್ರು ಬಿಡಲಿಲ್ಲ, "ಮಾಲ್ಡೀವ್ಸ್?" ಎಂದರು. ನ್ಯಾಯವಾದ ಪ್ರಶ್ನೆ. 1988ರ ನವೆಂಬರ್ 3ರಂದು ಬಾಡಿಗೆ ಬಂಟರು ಅಲ್ಲಿನ ಸರ್ಕಾರ ಉರುಳಿಸಲು ನುಗ್ಗಿದಾಗ ಅಧ್ಯಕ್ಷರು ಸಹಾಯ ಕೇಳಿದರು, ಅದೇ ರಾತ್ರಿ ನಮ್ಮ ಪ್ಯಾರಾಟ್ರೂಪರುಗಳು ಇಳಿದರು, ಕೆಲಸ ಮುಗಿಯಿತು. ಅಲ್ಲಿ ಕೆಲಸವೇನೆಂದು ಹೊರಡುವ ಮುಂಚೆಯೇ ಗೊತ್ತಿತ್ತು. ಅದನ್ನು ನಾನು ತಪ್ಪೆನ್ನುವುದಿಲ್ಲ. ನಮ್ಮ ಜನರನ್ನು ಕೊಂದವರಿಗೆ ತಿರುಗಿ ಹೊಡೆಯುವುದೂ, 2025ರಲ್ಲಿ ಪಹಲ್ಗಾಮಿನ ನಂತರ ಮಾಡಿದಂತೆ, ಬೇರೆಯೇ ಮಾತು. ನಾನು ಜಗಳವಾಡುತ್ತಿರುವುದು ಪರದೇಶದ ಬೀದಿಗಳಲ್ಲಿ ನಮ್ಮ ಹುಡುಗರನ್ನು ವರ್ಷಗಟ್ಟಲೆ ಕಾವಲಿಗೆ ಕೂರಿಸುವುದರ ಬಗ್ಗೆ.

2003ರಲ್ಲಿ ಅದನ್ನೇ ಕೇಳಿದ್ದರು. ಇರಾಕನ್ನು ಹಿಡಿದ ಅಮೆರಿಕ, ಸುಮಾರು 17 ಸಾವಿರ ಸೈನಿಕರನ್ನು ಕಳಿಸಿಕೊಡಿ ಎಂದಿತು. ಆಗಲೂ ಟಿ.ವಿ.ಯಲ್ಲಿ ಕೋಟು ಹಾಕಿದವರು, ಹೋದರೆ ದೊಡ್ಡವರ ಪಂಕ್ತಿಯಲ್ಲಿ ಎಲೆ ಹಾಕುತ್ತಾರೆ ಎಂಬಂತೆ ಮಾತಾಡಿದರು. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದಿತು. ಒಂದು ತಿಂಗಳು ದಾಟಿದ ಕೆಲವೇ ದಿನಗಳಲ್ಲಿ ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಯನ್ನೇ ಸ್ಫೋಟಿಸಿದರು. ಯುದ್ಧಕ್ಕೆ ಕಾರಣವೆಂದಿದ್ದ ಮಹಾವಿನಾಶಕ ಅಸ್ತ್ರಗಳು ಸಿಗಲೇ ಇಲ್ಲ. ಭಯೋತ್ಪಾದಕರನ್ನು ಮುಗಿಸಲು ಹೋದ ಯುದ್ಧದ ಬೂದಿಯಲ್ಲೇ ಐಸಿಸ್ ಹುಟ್ಟಿಕೊಂಡಿತು.

ಅದೇ ಐಸಿಸ್ 2014ರಲ್ಲಿ ತಿಕ್ರಿತ್ ಆಸ್ಪತ್ರೆಯಲ್ಲಿದ್ದ ನಮ್ಮ 46 ನರ್ಸುಗಳನ್ನು ಮೋಸುಲಿಗೆ ಕರೆದೊಯ್ದಿತು. ಬಹುಪಾಲು ಕೇರಳದ ಹೆಣ್ಣುಮಕ್ಕಳು, ಓದಿನ ಸಾಲ ತೀರಿಸಲು ಹೋದವರು. ಸೇನೆ ಹೋಗಲಿಲ್ಲ, ಮಾತುಕತೆಯಲ್ಲೇ ಬಿಡಿಸಿ ಜುಲೈ 5ಕ್ಕೆ ಕೊಚ್ಚಿಗೆ ಕರೆತಂದರು. ಹೀಗೆ ಎಲ್ಲರೂ ಉಳಿಯಲಿಲ್ಲ. ಅದೇ ಮೋಸುಲಿನಲ್ಲಿ ಹಿಡಿದ 39 ಕೂಲಿಗಳನ್ನು ಕೊಂದದ್ದು 2018ರಲ್ಲಿ ಖಚಿತವಾಯಿತು. ಆದರೆ ನಮ್ಮ ಸಮವಸ್ತ್ರ ಆ ಊರಿನ ಚೌಕದಲ್ಲಿ ನಿಂತು ಗುಂಡು ಹಾರಿಸಿದ್ದಿದ್ದರೆ ಆ 46 ಜನರಲ್ಲಿ ಒಬ್ಬಳಾದರೂ ಬರುತ್ತಿದ್ದಳೇ? ನನಗಂತೂ ನಂಬಿಕೆಯಿಲ್ಲ. ಕೊಲ್ಲಿ ದೇಶಗಳಲ್ಲಿ ಮಂಗಳೂರು, ಭಟ್ಕಳ, ಉಡುಪಿಯ ಎಷ್ಟು ಮನೆಯವರ ಮಕ್ಕಳಿದ್ದಾರೆ ಎಂದು ಆ ಕೋಟಿನವರು ಎಣಿಸಲಿ.

2017ರಲ್ಲಿ ಅಫ್ಘಾನಿಸ್ತಾನದ ಮಾತು ಬಂದಾಗ ಆಗ ರಕ್ಷಣಾ ಸಚಿವೆಯಾಗಿದ್ದ, ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್, ಭಾರತದ ಸೈನಿಕರು ಅಲ್ಲಿಗೆ ಹೋಗುವುದಿಲ್ಲ ಎಂದರು. ಅಮೆರಿಕ ಅಲ್ಲಿ 20 ವರ್ಷವಿದ್ದು 2021ರಲ್ಲಿ ಹೊರಟಿತು, ತಾಲಿಬಾನ್ ಬಂದು ಕೂತಿತು.

ಹಾಗಿದ್ದ ಮೇಲೆ ನನಗೇಕೆ ಚಿಂತೆ? ಏಕೆಂದರೆ ಈ ಎರಡು 'ಇಲ್ಲ'ಗಳನ್ನೂ ಹೇಳಿದ್ದು ಆಗಿದ್ದ ಸರ್ಕಾರಗಳ ವಿವೇಕ. ನಾಳಿನವರಿಗೆ ಅದು ಇರಲೇಬೇಕೆಂದಿಲ್ಲ. ಸೇನೆಯನ್ನು ಹೊರದೇಶಕ್ಕೆ ಕಳಿಸುವ ಮುಂಚೆ ಸಂಸತ್ತಿನ ಮತ ಬೇಕೆಂದು ನಮ್ಮ ಸಂವಿಧಾನ ಹೇಳುವುದಿಲ್ಲ. ಬ್ರಿಟನ್ನಿನಲ್ಲಿ 2013ರಲ್ಲಿ ಸಿರಿಯಾದ ಮೇಲಿನ ದಾಳಿಯನ್ನು ಅವರ ಸಂಸತ್ತು 285ಕ್ಕೆ 272 ಮತಗಳಿಂದ ಬೇಡವೆಂದಿತು. 2015ರಲ್ಲಿ ಐಸಿಸ್ ವಿರುದ್ಧ ಆಗಲಿ ಎಂದಿತು. ತಪ್ಪೋ ಸರಿಯೋ, ಯಾರು ಕೈ ಎತ್ತಿದರೆಂದು ಅಲ್ಲಿನ ತಾಯಂದಿರಿಗೆ ಗೊತ್ತು. ನಮ್ಮಲ್ಲೂ ಹಾಗೆ ಮತಕ್ಕೆ ಹಾಕಲಿ. ಏನು ಕೆಲಸ, ಎಷ್ಟು ತಿಂಗಳು, ಯಾವ ದಿನ ವಾಪಸು ಎಂದು ಬರೆದಿಟ್ಟು ಹಾಕಲಿ.

ಅಣ್ಣ ಈಗಲೂ ಕೋಲು ಹಿಡಿದು ಕಾಫಿ ತೋಟ ಸುತ್ತುತ್ತಾನೆ. ಲಂಕೆಯ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾನೆ. ದೊಡ್ಡಮ್ಮ ತೀರಿಕೊಂಡಾಗ ಅವರ ಪೆಟ್ಟಿಗೆಯ ತಳದಲ್ಲಿ ಆ ಇನ್‌ಲ್ಯಾಂಡ್‌ಗಳು ಸಿಕ್ಕವು. ಇಪ್ಪತ್ಮೂರು. ಓದು ಬಾರದ ದೊಡ್ಡಮ್ಮನಿಗೆ ಅವನ್ನು ಓದಿ ಹೇಳುತ್ತಿದ್ದವಳು, ರಜೆಗೆ ಹೋದಾಗಲೆಲ್ಲ, ನಾನೇ.