ಹಾಡಿನೊಳಗಿನ ಚಪ್ಪಲಿ ಎಲ್ಲಿ ಹೋಯಿತು?

ಗಡಹಿಂಗ್ಲಜದ ಪೇಟೆಯಲ್ಲಿ ಸಂಕೇಶ್ವರಿ ಮೆಣಸಿನಕಾಯಿ ಕೊಳ್ಳುವ ವ್ಯಾಪಾರಿ ಚೀಲದ ಮೇಲಿನ ಕಾಯಿ ನೋಡಿ ದರ ಹೇಳುವುದಿಲ್ಲ. ಮೊಳಕೈತನಕ ಕೈ ಇಳಿಸಿ ತಳದ ಕಾಯಿ ತೆಗೆಯುತ್ತಾನೆ. ಮುರಿಯುತ್ತಾನೆ, ಮೂಸುತ್ತಾನೆ, ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸಪ್ಪಳ ಕೇಳುತ್ತಾನೆ. ಕಾಯಿ ಹಸಿ ಇದ್ದರೆ ಸಪ್ಪಳ ಬರುವುದಿಲ್ಲ. ಖಾರದ ವಿಷಯದಲ್ಲಿ ಇಷ್ಟು ಹುಷಾರಿ ಇರುವ ನಾವು, ದಿನ ಬೆಳಗಾದರೆ ಕಿವಿಗೆ ಬೀಳುವ ಸಿನಿಮಾ ಹಾಡನ್ನು ಮಾತ್ರ ಒಮ್ಮೆಯೂ ಮುರಿದು ನೋಡುವುದಿಲ್ಲ. ರಾಗ ಛಲೋ ಇದ್ದರೆ ಸಾಕು, ಚೀಲ ಹೊತ್ತುಕೊಂಡು ಮನೆಗೆ ಬಂದುಬಿಡುತ್ತೇವೆ.

ನಾನು ಪಂಡಿತನಲ್ಲ. ಸಂಕೇಶ್ವರದ ಸೋದರತ್ತೆಯ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ತನಕ ಕಲಿತವನು. ಆಮೇಲೆ ಹಿರಣ್ಯಕೇಶಿ ದಂಡೆಯ ಹೊಲ, ಕಬ್ಬು, ಮೆಣಸಿನಕಾಯಿ ಇಷ್ಟೇ ನನ್ನ ಕಾಲೇಜು. ಅವ್ವ ರಾಯಚೂರು ಸೀಮೆಯವಳು, ಅವಳ ತವರಿನ ಮಾತು ತೆಲುಗು. ಅಪ್ಪನದು ಕನ್ನಡ. ಓಣಿಯದು ಮರಾಠಿ. ತೆಲುಗು ಕನ್ನಡ ಎರಡರಲ್ಲೂ ನಾಲ್ಕು ಕವಿತೆ ಬರೆದಿದ್ದೇನೆ. ಕವಿ ಅಂತ ನಾಲ್ಕು ಮಂದಿ ಕರೆಯುತ್ತಾರೆ ಎಂಬ ಸೊಕ್ಕೂ ನನಗೆ ಇತ್ತು. ಆ ಸೊಕ್ಕು ಇಳಿದದ್ದು ಇಚಲಕರಂಜಿಯ ಒಂದು ಮದುವೆಯಲ್ಲಿ.

ಹುಡುಗಿಯ ಮನೆಯವರು ಮಗ್ಗದ ಕೆಲಸಕ್ಕೆಂದು ಹಿಂದಿನ ತಲೆಮಾರಿನಲ್ಲೇ ಬಂದು ನೆಲೆಸಿದ ತೆಲುಗರು. ಹುಡುಗನ ಕಡೆಯವರು ಕನ್ನಡದವರು. ಅರಿಸಿನದ ದಿನ ಹುಡುಗರು ಕುಣಿಯಲು ಆರಿಸಿದ್ದು 'ಆರ್‌ಆರ್‌ಆರ್' ಚಿತ್ರದ 'ನಾಟು ನಾಟು'. 2022ರಲ್ಲಿ ಬಂದ ಚಿತ್ರ. ಚಂದ್ರಬೋಸ್ ಬರೆದು ಕೀರವಾಣಿ ರಾಗ ಹಾಕಿದ ಈ ಹಾಡಿಗೆ 2023ರ ಮಾರ್ಚ್‌ನಲ್ಲಿ ಆಸ್ಕರ್ ಬಂದದ್ದು ಎಲ್ಲರಿಗೂ ಗೊತ್ತು. ಚಿತ್ರದ ಕನ್ನಡ ಹಾಡೂ ಇತ್ತು. ಆದರೆ ಹುಡುಗರಿಗೆ ನಮ್ಮ ಕಡೆಯ ಮಾತೇ ಬೇಕಾಗಿತ್ತು. "ಕಾಕಾ, ನೀವ ಬರದ ಕೊಡ್ರಿ" ಅಂದರು. ನಾನು ಒಂದು ರಾತ್ರಿ ಕೂತು ಬರೆದೆ. ಚಂದ್ರ ತಂದೆ, ಮಿಂಚು ತಂದೆ, ನವಿಲು ತಂದೆ, ಮಲ್ಲಿಗೆ ತಂದೆ. ಓದಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಒಬ್ಬ ಮುದುಕಿ ಮಾತ್ರ ಸುಮ್ಮನಿದ್ದಳು. ಮಗ್ಗದ ಸಪ್ಪಳದಲ್ಲಿ ನಲವತ್ತು ವರ್ಷ ಕಳೆದವಳು. ಕನ್ನಡದ ಮನೆ, ತೆಲುಗಿನ ನೆರೆಹೊರೆ.

"ಅಣ್ಣಾರ, ಮಾತು ಚಂದ ಅದಾವ" ಅಂದಳು. "ಆದರ ಆ ಹಾಡಿನ್ಯಾಗ ಚಪ್ಪಲಿ ಇತ್ತಲ್ರಿ, ಅದು ಎಲ್ಲಿ ಹೋತು? ರೊಟ್ಟಿ ಖಾರ ಎಲ್ಲಿ ಹೋತು?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೇತುವೆ ದಾಟುವ ಸಾಮಾನು

ಮನೆಗೆ ಬಂದು ತೆಲುಗು ಹಾಡನ್ನು ಮತ್ತೆ ಕೇಳಿದೆ, ಈ ಸಲ ಮೆಣಸಿನಕಾಯಿ ಮುರಿದ ಹಾಗೆ. ಅದರಲ್ಲಿ ಚಂದ್ರನಿಲ್ಲ, ಮಲ್ಲಿಗೆಯಿಲ್ಲ. ಹೊಲದ ಬದುವಿನ ದೂಳಿನಲ್ಲಿ ಹಾರುವ ಹೋರಿ ಇದೆ. ಊರದೇವಿಯ ಜಾತ್ರೆಯಲ್ಲಿ ತೂಗುವ ಪೋತರಾಜ ಇದ್ದಾನೆ. ನಡೆದರೆ ಕಿರ್ರೆನ್ನುವ ಚಪ್ಪಲಿ ಮೆಟ್ಟಿ ದೊಣ್ಣೆವರಸೆ ಆಡುವವನಿದ್ದಾನೆ. ಜೋಳದ ರೊಟ್ಟಿ, ಮೆಣಸಿನಕಾಯಿ ತೊಕ್ಕು ಇದೆ. ಒಂದರ ಹಿಂದೆ ಒಂದು ಉಪಮೆ. ಸಾಲಿನ ಕೊನೆಗೆ ತೆಲುಗಿನ 'ಅಟ್ಟು' ಎಂಬ ಪ್ರತ್ಯಯ, ಅಂದರೆ ನಮ್ಮ 'ಹಾಂಗ', ಹೆಜ್ಜೆ ಇಟ್ಟ ಹಾಗೆ ಬೀಳುತ್ತದೆ. ಕುಣಿತ ಹೇಗಿತ್ತು ಎಂದರೆ ಹೀಗಿತ್ತು, ಹೀಗಿತ್ತು ಎಂದು ಹೇಳುತ್ತಲೇ ಹಾಡು ಕುಣಿಸುತ್ತದೆ. ಉಪಮೆಯ ಪ್ರತ್ಯಯವೇ ಅಲ್ಲಿ ತಾಳವಾಗಿದೆ.

ಶಾಲೆಯಲ್ಲಿ ಮಾಸ್ತರರು ಉಪಮೇಯ, ಉಪಮಾನ ಎಂದು ಕಲಿಸಿದ್ದರು. ಅವೆರಡರ ನಡುವಿನ ಸೇತುವೆ 'ಹಾಂಗ'. ಸೇತುವೆಯ ಆಚೆ ಕಡೆ ನಿಂತ ಸಾಮಾನು ನಾವು ಮುಟ್ಟಿದ್ದು, ತಿಂದದ್ದು, ಮೆಟ್ಟಿದ್ದು ಆಗಿದ್ದರೆ ಹಾಡು ದೇಹಕ್ಕೆ ಇಳಿಯುತ್ತದೆ. ಈ ಹಾಡಿನ ಸಾಮಾನು ನೋಡಿರಿ. ತೆಲುಗರ ಪೋತುರಾಜು ಮಹಾರಾಷ್ಟ್ರದಲ್ಲಿ ಮರಿಆಯಿಯ ಪೋತರಾಜನಾಗಿ ಚಾಟಿ ಹಿಡಿದು ಬರುತ್ತಾನೆ. ದೊಣ್ಣೆವರಸೆ ಕೊಲ್ಹಾಪುರದ ಮರ್ದಾನಿ ಖೇಳಿನಲ್ಲಿ ಇದೆ. ತೊಕ್ಕಿಗೆ ಕೊಲ್ಹಾಪುರದವರು ಠೇಚಾ ಅನ್ನುತ್ತಾರೆ, ನಾವು ರಂಜಕ ಅನ್ನುತ್ತೇವೆ. ಕರ್ರೆನ್ನುವ ಚಪ್ಪಲಿಯಂತೂ ನಮ್ಮ ಮನೆಯ ಹೊಸ್ತಿಲಲ್ಲೇ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳನ್ನೂ ಸೇರಿಸಿದರು. ಸರಕಾರಕ್ಕೇ ಅದನ್ನು ಗಡಿಯಲ್ಲಿ ಕತ್ತರಿಸಲು ಆಗಲಿಲ್ಲ. ಕಾಸಿಲ್ಲದೆ ಮೂರು ರಾಜ್ಯ ದಾಟಿ ಬಂದ ಇಂಥ ಉಪಮೆಯನ್ನು ನಾನು ಕೈಯಾರೆ ತೆಗೆದು ಚಂದ್ರನನ್ನು ಕೂರಿಸಿದ್ದೆ!

'ನಾಟು' ಎಂಬ ಮಾತನ್ನೇ ತಗೊಳ್ಳಿ. ತೆಲುಗಿನಲ್ಲಿ ಊರಿನದು, ನೆಲದ್ದು ಎಂದರ್ಥ. ಬೆಂಗಳೂರು ಕಡೆ ನಾಟಿ ಕೋಳಿ ಅನ್ನುತ್ತಾರೆ, ನಾವು ಜವಾರಿ ಕೋಳಿ ಅನ್ನುತ್ತೇವೆ, ಮರಾಠಿಯವರು ಗಾವರಾನ್ ಅನ್ನುತ್ತಾರೆ. ಕೋಳಿ ಕೊಳ್ಳುವಾಗ ಮೂರೂ ಭಾಷೆಯವರು ಒಂದೇ ದರ ಜಾಸ್ತಿ ಕೊಡುತ್ತಾರೆ. ಹಾಡಿಗೆ ಮಾತ್ರ ಯಾಕೆ ಕೊಡಬಾರದು?

ಸೂಲಂಗಿ ಬಂದ ಫಡ

ಉಪಮೆಯ ಸೇತುವೆ ಕಿತ್ತು ಹಾಕಿ 'ಇದೇ ಅದು' ಅಂದರೆ ರೂಪಕ. ಅದಕ್ಕೆ ನನ್ನ ಉದಾಹರಣೆ ಒಂದು ಮರಾಠಿ ಲಾವಣಿ. 1965ರ 'ಮಲ್ಹಾರಿ ಮಾರ್ತಂಡ' ಚಿತ್ರಕ್ಕೆ ಸಾಂಗ್ಲಿ ಜಿಲ್ಲೆಯ ಗ.ದಿ. ಮಾಡಗೂಳಕರ ಬರೆದದ್ದು, ಸುಲೋಚನಾ ಚವ್ಹಾಣ ಹಾಡಿದ್ದು. ಕಬ್ಬಿನ ಫಡ, ಅದಕ್ಕೆ ಬಂದ ಸೂಲಂಗಿ, ಕಬ್ಬಿಗೆ ಬರುವ ನರಿ, ಇವೇ ಅದರ ಚಿತ್ರಗಳು. ಪ್ರಾಯಕ್ಕೆ ಬಂದ ಹೆಣ್ಣೇ, ಹುಷಾರು ಎಂಬುದೇ ಅರ್ಥ. 'ಫಡ' ಎಂದರೆ ಕಬ್ಬಿನ ಹೊಲವೂ ಹೌದು, ತಮಾಷಾದ ಮೇಳವೂ ಹೌದು. ಒಂದೇ ಮಾತಿಗೆ ಎರಡು ಅರ್ಥ, ನಮ್ಮ ವ್ಯಾಕರಣದ ಶ್ಲೇಷೆ.

ಈ ಹಾಡನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ತಿಳಿದದ್ದು ಮಾತ್ರ ಒಂದು ವರ್ಷ ನನ್ನ ಕಬ್ಬು ಸೂಲಂಗಿ ಬಿಟ್ಟು ನಿಂತು, ಕಡಿಯುವ ಗ್ಯಾಂಗ್ ಮಾರ್ಚ್ ಬಂದರೂ ಬಾರದೆ ಇದ್ದಾಗ. ಸೂಲಂಗಿ ನೋಡಲು ಬೆಳ್ಳಗೆ ಚಂದ. ಆದರೆ ಬೆಳವಣಿಗೆ ಮುಗಿಯಿತು ಎಂಬುದರ ಗುರುತು ಅದು. ತಡವಾದರೆ ಒಳಗೆ ಬೆಂಡು ಬೀಳುತ್ತದೆ, ತೂಕ ಇಳಿಯುತ್ತದೆ, ಸಿಹಿ ಇಳಿಯುತ್ತದೆ. ರಾತ್ರಿ ನರಿ ಅಗಿದ ಸಪ್ಪಳ ಕೇಳುತ್ತಾ ಮಲಗಿದವನಿಗೆ ಆ ಲಾವಣಿಯ ಒಳಗಿನ ಹೆದರಿಕೆ ಗೊತ್ತಾಗುತ್ತದೆ. ಚೆಲುವಿನ ತುದಿಯಲ್ಲೇ ಇಳಿತ ಇದೆ ಎಂದು ಆ ಹಾಡು ಒಂದು ಬಿಳಿ ತೆನೆಯಲ್ಲಿ ಹೇಳಿಬಿಟ್ಟಿದೆ.

ಇನ್ನೊಂದು ಸಂಗತಿ. ಆ ಹಾಡಿನಲ್ಲಿ ಹೆಣ್ಣು ಬೆಳೆಯಲ್ಲ, ಬೆಳೆಯ ಒಡತಿ. ನಿನ್ನ ಫಡ ನೀನು ಕಾಯಿ ಎಂದು ಅವಳಿಗೇ ಹೇಳುತ್ತಾರೆ. ಈಗ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಕಿವಿ ಒಡೆಯುವ ಹಾಗೆ ಹಚ್ಚುವ ಜಾನಪದ ಹಾಡುಗಳನ್ನು ಕೇಳಿರಿ. ಹಿರಿಯರು ಬೈಯುತ್ತಾರೆ, ಮೊಬೈಲು ನೆಟ್‌ವರ್ಕು ಅಂತ ಹಾಡ್ತಾವು, ಇದೇನು ಸಾಹಿತ್ಯ ಅಂತ. ನಾನು ಅದಕ್ಕೆ ಬೈಯುವುದಿಲ್ಲ. ಹೊಲದ ನಡುವೆ ನೆಟ್‌ವರ್ಕ್ ಹೋಗಿ ಹುಡುಗಿಯ ಮಾತು ಅರ್ಧಕ್ಕೆ ಕಡಿದ ಡ್ರೈವರನಿಗೆ ಅದು ನಿಜವಾದ ವಿರಹ. ಅವನು ಮುಟ್ಟಿದ ಸಾಮಾನು ಅದು. ನನ್ನ ಮದುವೆ ಹಾಡಿನ ಚಂದ್ರನಿಗಿಂತ ಅವನ ನೆಟ್‌ವರ್ಕ್ ಪ್ರಾಮಾಣಿಕ. ನನ್ನ ತಕರಾರು ಬೇರೆ. ಅಂಥ ಎಷ್ಟೋ ಹಾಡುಗಳಲ್ಲಿ ಹುಡುಗಿಯೇ ಮಾಲು, ಗಾಡಿ, ಲೋಡು ಆಗಿದ್ದಾಳೆ. ಹೊಲದ ಒಡತಿ ಸಂತೆಯ ಸರಕಾಗಿದ್ದಾಳೆ. ರೂಪಕ ಕೆಟ್ಟಿತೋ ಇಲ್ಲವೋ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಹಾಡಿನಲ್ಲಿ ಮಾಲಕ ಯಾರು, ಮಾಲು ಯಾರು?

ಮಳೆಯ ದರ ವರ್ಷಕ್ಕೊಂದು

ಕನ್ನಡದ್ದು ಹೇಳದೆ ಇದ್ದರೆ ಪಕ್ಷಪಾತ ಆಗುತ್ತದೆ. 2006ರ ಕೊನೆಯ ವಾರ ಬಂದ 'ಮುಂಗಾರು ಮಳೆ' ಚಿತ್ರದ ಶೀರ್ಷಿಕೆ ಗೀತೆಯನ್ನು ನಿರ್ದೇಶಕ ಯೋಗರಾಜ್ ಭಟ್ಟರೇ ಬರೆದರು. ಮಳೆಯೇ ಪ್ರೀತಿ ಎಂಬ ಆ ರೂಪಕಕ್ಕೆ ಇಡೀ ಕರ್ನಾಟಕ ತೊಯ್ದುಹೋಯಿತು. ನಾನೂ ತೊಯ್ದೆ. ಆದರೆ 2019ರ ಆಗಸ್ಟ್‌ನಲ್ಲಿ ಪಂಚಗಂಗೆ ಕೊಲ್ಹಾಪುರದೊಳಗೆ ನುಗ್ಗಿ, ಶಿರೋಲಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿ ದಿನಗಟ್ಟಲೆ ನೀರಲ್ಲಿ ಮುಳುಗಿದಾಗ, ಶಿರೋಳ ತಾಲೂಕಿನ ಬೀಗರು ದನ ಬಿಚ್ಚಿ ಬಿಟ್ಟು ನಮ್ಮ ಮನೆ ಸೇರಿದ್ದರು. ಆ ಹೊತ್ತಿಗೆ ಯಾರದೋ ಮೊಬೈಲಿನಲ್ಲಿ ಅದೇ ಹಾಡು ಬಂತು. ಬೀಗತಿ ಎದ್ದು ಒಳಗೆ ಹೋದಳು. ಹಾಡಿನ ತಪ್ಪಿಲ್ಲ, ಬೀಗತಿಯ ತಪ್ಪೂ ಇಲ್ಲ. ಮತ್ತೆ 2023ರಲ್ಲಿ ಮಳೆ ಕೈಕೊಟ್ಟು ಕರ್ನಾಟಕ ಸರಕಾರ ಬರ ಸಾರಿದ ವರ್ಷ ಅದೇ ಬೀಗತಿ ಅದೇ ಹಾಡನ್ನು ಗುನುಗುತ್ತಾ ಮುಗಿಲು ನೋಡಿದ್ದನ್ನು ನಾನು ಕಂಡಿದ್ದೇನೆ. ರೈತನ ಮನೆಯಲ್ಲಿ ರೂಪಕಕ್ಕೂ ಹಂಗಾಮು ಇರುತ್ತದೆ. ಮಳೆಯನ್ನು ನಿಜವಾಗಿ ನೋಡಿ ಬರೆದ ಹಾಡು ಒಂದು ವರ್ಷ ಚುಚ್ಚುತ್ತದೆ, ಒಂದು ವರ್ಷ ತಣಿಸುತ್ತದೆ. ಬರೀ ಪ್ರಾಸಕ್ಕೆ ತಂದ ಮಳೆ ಎರಡನ್ನೂ ಮಾಡುವುದಿಲ್ಲ.

ಹಾಡಿಗೆ ಗಡಿ ಎಲ್ಲಿ?

ಇದರಿಂದ ನಮಗೇನು ಲಾಭ ನಷ್ಟ ಎಂದು ವ್ಯಾಪಾರಿ ಬಂಧುಗಳು ಕೇಳಬಹುದು. ಹೇಳುತ್ತೇನೆ. ನನ್ನ ಮಗಳ ಮಗ ಮರಾಠಿ ಶಾಲೆಗೆ ಹೋಗುತ್ತಾನೆ. ಅದರಲ್ಲಿ ನನಗೆ ಬೇಜಾರಿಲ್ಲ, ಅನ್ನದ ಭಾಷೆ ಅದು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದುವುದಿಲ್ಲ. ಅವನ ಪಾಲಿಗೆ ಕನ್ನಡ ಸಾಹಿತ್ಯ ಎಂದರೆ ಮೊಬೈಲಿನ ಹಾಡು ಮಾತ್ರ. ಪಂಪನೂ ಅದೇ, ಬೇಂದ್ರೆಯೂ ಅದೇ. ಒಂದು ದಿನ ಕೇಳಿದ: "ಅಜ್ಜಾ, ಸೂಲಂಗಿ ಅಂದ್ರ ಏನು?" ನಾನು ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. "ಓ, ತುರಾ!" ಅಂದ. ಸಾಮಾನು ಗೊತ್ತಿತ್ತು, ಹೆಸರು ಸಿಕ್ಕಿತು, ಮುಗಿಯಿತು. ಕೊಲ್ಹಾಪುರ ಪೇಟೆಯಲ್ಲಿ ಬೆಳೆದ ಅವನ ಓರಗೆಯ ಹುಡುಗನಿಗೆ ತುರಾನೂ ಗೊತ್ತಿಲ್ಲ, ಸೂಲಂಗಿಯೂ ಗೊತ್ತಿಲ್ಲ. ಹೆಸರು ಮರೆತರೆ ಹೇಳಿಕೊಡಬಹುದು. ಸಾಮಾನೇ ಮರೆತರೆ ಯಾವ ಭಾಷೆಯಲ್ಲಿ ಹೇಳುವುದು? ಮಗು ಕೇಳುವ ಹಾಡಿನಲ್ಲಿ ಬರೀ ಚಂದ್ರ, ಹೂವು, ಜೇನು ಇದ್ದರೆ ಅದಕ್ಕೆ ಸಿಗುವ ಕನ್ನಡವೂ ಅಷ್ಟೇ.

ಹಾಡಿನ ದಾರಿಗೆ ಗಡಿಕಲ್ಲು ಯಾವತ್ತೂ ಅಡ್ಡ ಬಂದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಅದನ್ನು ಚಿತ್ರಿಸಿದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಕನ್ನಡ ಹಾಡು ತೆರೆಗೆ ಸಿದ್ಧವಾದದ್ದು ಮಹಾಲಕ್ಷ್ಮಿಯ ಊರಿನಲ್ಲಿ! ಮನೆಮಾತು ಮರಾಠಿಯಾಗಿದ್ದ ಬೇಂದ್ರೆ ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರ ತನಕ ಕನ್ನಡ ಕಲಿಸಿದರು. ಅವರ 'ಬೆಳಗು' ಕವಿತೆ 1967ರ 'ಬೆಳ್ಳಿಮೋಡ' ಚಿತ್ರದಲ್ಲಿ ಹಾಡಾದಾಗ ಅಕ್ಷರ ಬಾರದವರ ಬಾಯಲ್ಲೂ ನಲಿಯಿತು. ಅವರು ಮೂಡಣ ದಿಕ್ಕನ್ನು ಮನೆ ಮಾಡಿದ್ದರು. ಮನೆ ಎಲ್ಲರಿಗೂ ಗೊತ್ತು.

ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಹಾಡು ಯಾವ ಭಾಷೆಯದು ಎಂದು ಜಗಳ ತೆಗೆಯುವ ಮೊದಲು ಒಳಗೆ ಕೈಹಾಕಿ ತಳದ ಕಾಯಿ ತೆಗೆದು ಮುರಿಯಿರಿ. ಅದರಲ್ಲಿ ಯಾವ ಸಾಮಾನು ಇದೆ? ಅದನ್ನು ನೀವು ಮುಟ್ಟಿದ್ದೀರಾ? ಅದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ, ಪಕ್ಕದ ಮನೆಯಲ್ಲಿ ಏನನ್ನುತ್ತಾರೆ? ಊಟಕ್ಕೆ ಕೂತಾಗ ಮಕ್ಕಳನ್ನು ಕೇಳಿರಿ. ಹೊಲದಲ್ಲಿ ಇದ್ದರೆ ತೋರಿಸಿರಿ. ಇದಕ್ಕೆ ಯಾವ ಅಕಾಡೆಮಿಯ ಅನುದಾನವೂ ಬೇಕಾಗಿಲ್ಲ.

ಅಂದ ಹಾಗೆ ಆ ಮದುವೆ ಹಾಡು. ಮುದುಕಿ ಕೇಳಿದ ರಾತ್ರಿಯೇ ಚಂದ್ರ, ನವಿಲು ಎಲ್ಲ ಹೊಡೆದು ಹಾಕಿ ಮತ್ತೆ ಬರೆದೆ. ಚಪ್ಪಲಿ ಬಂತು, ರೊಟ್ಟಿ ಬಂತು, ರಂಜಕ ಬಂತು. ಮರುದಿನ ಹುಡುಗರು ಕುಣಿದಾಗ ತೆಲುಗಿನ ಬೀಗರು, ಕನ್ನಡದ ಬೀಗರು, ಮಂಟಪದ ಮರಾಠಿ ಹುಡುಗರು ಎಲ್ಲರ ಕಾಲೂ ಎದ್ದವು. ನಾನು ಮುದುಕಿಯ ಹತ್ತಿರ ಹೋಗಿ, "ಯವ್ವಾ, ಈಗ ಹೆಂಗ ಆತು?" ಅಂದೆ. "ಈಗ ಕರ್ರ್ ಅಂತೈತಿ ನೋಡ್ರಿ" ಅಂದಳು. ನನಗೆ ಇದುವರೆಗೆ ಸಿಕ್ಕ ಪ್ರಶಸ್ತಿ ಅದೊಂದೇ.