ಕಾಡಿನ ಬಿದಿರಿಗೆ ಬೆಲೆ ಕಟ್ಟುವವರು ಯಾರು?

"ಕಾಡಿನ ಹಕ್ಕು ಕಾಡಲ್ಲಿರೋರ ವಿಚಾರ, ಹೊಲ ಇರೋ ನಮಗ್ಯಾಕೆ ಅದರ ಗೊಡವೆ?" ಎಂದು ಕೇಳುವ ರೈತರು ಬಹಳ ಮಂದಿ ಇದ್ದಾರೆ. ಅಂಥವರು ಒಂದು ಹಳೆಯ ಲೆಕ್ಕ ಕೇಳಬೇಕು.

1950ರ ದಶಕದ ಕೊನೆಯಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಯಿತು. ಸರ್ಕಾರ ಅದಕ್ಕೆ ಕಾಡಿನ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತೆಂದು ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಒಂದು ಗಳಕ್ಕಲ್ಲ, ಒಂದು ಟನ್ನಿಗೆ! ಅದೇ ಬಿದಿರಿನಲ್ಲಿ ಬುಟ್ಟಿ, ಮೊರ ಹೆಣೆದು ಹೊಟ್ಟೆ ಹೊರೆಯುವವರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಬಿದಿರು ಮುಗಿಯುತ್ತ ಬಂದಾಗ ತಪ್ಪು ಹೊತ್ತವರು ಯಾರು? ಕತ್ತಿ ಹಿಡಿದು ಕಾಡಿಗೆ ಹೋದ ಬಡವರು.

ಈ ರೋಗ ನಮಗೆ ಹೊಸದೇ? ನಾವು ಬೆಳೆದ ಈರುಳ್ಳಿಗೆ ಮಂಡಿಯಲ್ಲಿ ಇನ್ನೊಬ್ಬ ಬೆಲೆ ಕಟ್ಟುತ್ತಾನೆ. ಅವರು ಆರಿಸಿದ ನೆಲ್ಲಿಕಾಯಿಗೆ, ಜೇನಿಗೆ ಗುತ್ತಿಗೆದಾರ ಬೆಲೆ ಕಟ್ಟುತ್ತಾನೆ. ದುಡಿಮೆ ಒಬ್ಬರದು, ಬೆಲೆ ಹೇಳುವ ಬಾಯಿ ಇನ್ನೊಬ್ಬರದು ಆದ ಕಡೆ ಸಾಲ ಹುಟ್ಟಿಯೇ ಹುಟ್ಟುತ್ತದೆ. ಅದಕ್ಕೇ ಕಾಡಿನ ಹಕ್ಕೂ ಬೆಲೆಯ ಪ್ರಶ್ನೆಯೇ.

2006ರ ಅರಣ್ಯ ಹಕ್ಕು ಕಾಯ್ದೆ ಈ ಬಾಯನ್ನು ಊರಿಗೆ ಕೊಟ್ಟಿದೆ. ಬಿದಿರೂ ಸೇರಿದಂತೆ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಕಾಡನ್ನು ಕಾಯ್ದು ಬಳಸುವ ಅಧಿಕಾರ ಗ್ರಾಮಸಭೆಗೆ ಸೇರಬಹುದು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೊಂಡರ ಹಳ್ಳಿಗೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಮುದಾಯ ಹಕ್ಕು ಸಿಕ್ಕಿತು. ಹಕ್ಕುಪತ್ರ ಕೈಗೆ ಬಂದರೂ ಬಿದಿರು ಸಾಗಿಸಲು ಇಲಾಖೆ ರಹದಾರಿ ಕೊಡಲಿಲ್ಲ. ರಹದಾರಿ ಇಲ್ಲದ ಹಕ್ಕು ಗಾಲಿ ಇಲ್ಲದ ಗಾಡಿ! ಊರವರು ಬಿಡಲಿಲ್ಲ. 2011ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಆ ಹಳ್ಳಿಗೇ ಬಂದು ರಹದಾರಿ ಪುಸ್ತಕವನ್ನು ಗ್ರಾಮಸಭೆಯ ಕೈಗಿತ್ತರು. ಆಮೇಲೆ ಗ್ರಾಮಸಭೆಯೇ ಟೆಂಡರ್ ಕರೆದು ಬಿದಿರು ಮಾರಿತು. ಕೂಲಿಯೂ ಊರಿಗೆ, ಲಾಭವೂ ಊರಿಗೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ.

ಹಾಗಾದರೆ ಉಳಿದ ಊರುಗಳಲ್ಲಿ ಯಾಕಿಲ್ಲ? ತಪ್ಪು ಸರ್ಕಾರದ್ದೂ ಇದೆ, ನಮ್ಮದೂ ಇದೆ. ಬುಡಕಟ್ಟಿನವರಲ್ಲದ ಕಾಡುವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಓದು ಬರಹ ಬಾರದ ಅಜ್ಜನ ಕಾಲದ ಕಾಗದವನ್ನು ಎಲ್ಲಿಂದ ತರೋದು? ಊರ ಹಿರಿಯರ ಹೇಳಿಕೆಯೂ ಪುರಾವೆ ಅಂತ ನಿಯಮದಲ್ಲೇ ಇದೆ. ಆದರೂ ಕಾಗದ ಇಲ್ಲ ಅಂತ ಅರ್ಜಿ ತಳ್ಳಿಹಾಕುತ್ತಾರೆ.

ಇನ್ನು ನಮ್ಮ ತಪ್ಪು. ನಮ್ಮಲ್ಲಿ ಬಂದ ಅರ್ಜಿಗಳಲ್ಲಿ ಬಹುಪಾಲು ವೈಯಕ್ತಿಕ ತುಂಡು ಭೂಮಿಗೆ. ಊರೊಟ್ಟಿನ ಹಕ್ಕು ಕೇಳಿದವರು ಕಡಿಮೆ. ಹತ್ತಾರು ಎಕರೆ ಇದ್ದವನು ಕಾಡಂಚಿಗೆ ಬೇಲಿ ಸರಿಸಿ ಅದನ್ನೂ ಹಕ್ಕು ಅಂತಾನೆ. ಅದು ಹಕ್ಕಲ್ಲ, ಒತ್ತುವರಿ. ಆ ಬೇಲಿ ಕಸಿಯೋದು ನಾಳೆ ನಮ್ಮದೇ ದನದ ಮೇವು, ನಮ್ಮದೇ ಗೊಬ್ಬರದ ಸೊಪ್ಪು.

ನಾವು ಕೇಳಬೇಕಾದ್ದು ಮೂರು: ಹಿರಿಯರ ಹೇಳಿಕೆಯನ್ನು ಪುರಾವೆಯೆಂದು ಒಪ್ಪಲಿ, ರಹದಾರಿ ಪುಸ್ತಕ ಗ್ರಾಮಸಭೆಯ ಕೈಯಲ್ಲಿರಲಿ, ಕಾಡುತ್ಪನ್ನಕ್ಕೆ ಬೆಂಬಲ ಬೆಲೆ ಬರೀ ಘೋಷಿಸದೆ, ಖರೀದಿ ಮಾಡಲಿ.

ರೈತ ಬಂಧುಗಳೇ, ಮುಂದಿನ ಗ್ರಾಮಸಭೆಗೆ ಹೋಗಿ. ಅರ್ಧದಷ್ಟು ಜನ ಸೇರದಿದ್ದರೆ ಈ ಕಾಯ್ದೆಯಡಿ ನಿರ್ಣಯವೇ ಆಗದು. ಹೆಣ್ಣುಮಕ್ಕಳನ್ನೂ ಕರೆತನ್ನಿ, ಕಾಡಿನ ದಾರಿ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಮ್ಮ ಬೆಳೆಗೆ ನಾವೇ ಬೆಲೆ ಹೇಳಬೇಕು ಅನ್ನುವ ನಾವು, ಕಾಡಿನವರು ಅದೇ ಮಾತು ಹೇಳುವಾಗ ಬಾಯಿ ಮುಚ್ಚಿ ಕೂತರೆ ನಮ್ಮ ಮಾತಿಗೆ ಬೆಲೆ ಎಲ್ಲಿ?